ಸಾಕ್ಷಿ ಹಗ್ಗ

ನಮ್ಮ ಊರಿನಲ್ಲಿ ಮನೆ ಕಟ್ಟಿಸುವವರು ಮೊದಲು ಕೇಳುವುದು ಬಾಗಿಲು ಯಾವ ದಿಕ್ಕಿಗೆ ಎಂದಲ್ಲ, ಸೀಳು ಎಷ್ಟೆತ್ತರಕ್ಕೆ ಎಂದು. ಮೊಣಕಾಲೆತ್ತರಕ್ಕೆ, ಎಲ್ಲ ಗೋಡೆಗಳ ಉದ್ದಕ್ಕೂ, ಒಂದು ಗೇಣು ಅಗಲದ ಸೀಳು ಬಿಡಬೇಕು. ವರ್ಷವೆಲ್ಲ ಅದಕ್ಕೆ ಹಲಗೆ ಬಡಿದಿರುತ್ತಾರೆ, ಹಲ್ಲಿ ಇಲಿ ನುಸುಳದಂತೆ ಸಂದಿಗೆ ಹಳೆಯ ಬಟ್ಟೆ ತುರುಕಿರುತ್ತಾರೆ. ಹಗ್ಗದ ದಿನ ಮಾತ್ರ ಹಲಗೆ ತೆಗೆಯುತ್ತಾರೆ. ಯಾವ ಮನೆಯ ಯಾವ ಗೋಡೆಯಿಂದ ಹಗ್ಗ ಒಳಗೆ ಬಂದು ಯಾವ ಗೋಡೆಯಿಂದ ಹೊರಗೆ ಹೋಗುತ್ತದೆ ಎಂದು ಹೇಳಬೇಕಾದವನು ನಾನು. ಮೂವತ್ತೊಂದು ವರ್ಷ ಈ ಊರಿನ ವೃತ್ತದ ಮಾಸ್ತರನಾಗಿದ್ದೆ. ಹೆಸರು ಅಡಿವೆಪ್ಪ. ಈಗೀಗ ಹೆಸರು ಹೇಳಿಕೊಳ್ಳುವಾಗ ನಾಲಿಗೆ ತಡವರಿಸುತ್ತದೆ. ಯಾಕೆ ಎಂದು ಹೇಳುವುದಕ್ಕೇ ಕೂತಿದ್ದೇನೆ.

ಊರಿನ ಸುತ್ತ ಬಿಳುಪು ಇದೆ. ವರ್ಷಕ್ಕೊಮ್ಮೆ, ಬೇಸಿಗೆಯ ಒಂದು ಮಧ್ಯಾಹ್ನ, ಎಲ್ಲರೂ ಉಂಡು ಅಡ್ಡಾದ ಹೊತ್ತಿನಲ್ಲಿ, ಅದು ಸರಿಯುತ್ತದೆ. ಎದ್ದು ನೋಡಿದರೆ ಒಂದು ಕಡೆ ನೆಲ ಹೆಚ್ಚಿರುತ್ತದೆ, ಇನ್ನೊಂದು ಕಡೆ ಇಳಿದಿರುತ್ತದೆ. ಬಿಳುಪಿಗೆ ಹೋದದ್ದು ಮರಳಿ ಬರುವುದಿಲ್ಲ. ಮುಂದೆಂದೋ ನೆಲ ಬಂದರೂ ಗುಡಿಸಿ ಸಾರಿಸಿದ ಹಾಗೆ ಬೋಳಾಗಿ ಬರುತ್ತದೆ. ಉಪ್ಪಿನ ಗಾಡಿಯವರು ಮಾತ್ರ ಅದರೊಳಗಿಂದ ಬಂದು ಹೋಗುತ್ತಾರೆ. ಅವರ ದಾರಿ ನೆಟ್ಟಗಿನದು, ಸ್ಪರ್ಶಕ; ಊರನ್ನು ಒಂದೇ ಬಿಂದುವಿನಲ್ಲಿ ಮುಟ್ಟಿ ಮುಂದೆ ಹೋಗುತ್ತದೆ. ಆ ಬಿಂದುವೇ ಆ ವರ್ಷದ ಅಗಸೆ ಬಾಗಿಲು. ಬಿಳುಪು ಎತ್ತ ಬೇಕಾದರೂ ಸರಿಯಲಿ, ಊರು ಮಾತ್ರ ಯಾವಾಗಲೂ ಸರಿಯಾದ ವೃತ್ತ.

ಅದು ಸರಿಯುವ ಮೂರು ದಿನ ಮೊದಲು ನೆಲದ ಮೇಲೆ ಮೂರು ಕಡೆ ತಾಟಿನಷ್ಟು ಅಗಲದ ಬಿಳಿ ಗುರುತುಗಳು ಮೂಡುತ್ತವೆ. ಹೊಸ ಅಂಚು ಆ ಮೂರರ ಮೇಲೆ ಹಾಯುತ್ತದೆ. ಒಂದು ಗುರುತಿನಿಂದ ಇನ್ನೊಂದಕ್ಕೆ ನಾವು ಪುಂಡಿನಾರಿನ ಹಗ್ಗ ಎಳೆದು ಬಿಗಿಯುತ್ತೇವೆ. ಅದು ಜ್ಯಾ. ಅದರ ನಡು ಹಿಡಿದು, ಅಲ್ಲಿ ಮೂಲೆಮಟ್ಟ ಇಟ್ಟು ಲಂಬ ಎಳೆಯುತ್ತೇವೆ. ಎರಡನೆಯ ಹಗ್ಗಕ್ಕೂ ಹಾಗೆಯೇ. ಎರಡು ಲಂಬ ಎಲ್ಲಿ ಕೂಡುತ್ತವೆಯೋ ಅದು ಕೇಂದ್ರ. ಅಲ್ಲಿಂದ ಅಳತೆ ಹಿಡಿದು ಊರಿನ ಸುತ್ತ ಸುಣ್ಣದ ಗೆರೆ ಹಾಕುತ್ತೇವೆ; ಅಷ್ಟರಲ್ಲಿ ಗುರುತುಗಳು ಮಾಸಿರುತ್ತವೆ. ಗೆರೆಯ ಹೊರಗಿದ್ದವರು ಗಂಟುಮೂಟೆ ಕಟ್ಟಿಕೊಂಡು ಒಳಗೆ ಬರುತ್ತಾರೆ, ಒಳಗಿದ್ದವರು ಉಂಡು ಮಲಗುತ್ತಾರೆ. ಕೇಂದ್ರ ಹಿಡಿಯಲು ಎರಡು ಹಗ್ಗ ಸಾಕು. ಆದರೆ ಹಿರಿಯರು ಮೂರನೆಯದನ್ನೂ ಎಳೆಸುತ್ತಿದ್ದರು. ಅದರ ಲಂಬವೂ ಅದೇ ಕೇಂದ್ರದ ಮೇಲೆ ಹಾಯ್ದರೆ ಮೊದಲ ಎರಡೂ ಸರಿ, ಹಾಯದಿದ್ದರೆ ಎಲ್ಲೋ ತಪ್ಪಿದೆ, ಮತ್ತೆ ಮೊದಲಿನಿಂದ ಶುರು. ಅದಕ್ಕೆ ಸಾಕ್ಷಿ ಹಗ್ಗ ಎಂದು ಹೆಸರು.

ಹಗ್ಗ ಹಾಯುವ ಮನೆಯವರು ಅದರ ದಾರಿಯಲ್ಲಿ ಏನೂ ಇಡುವುದಿಲ್ಲ. ತೊಟ್ಟಿಲಿದ್ದರೆ ಸರಿಸುತ್ತಾರೆ, ಒಲೆಯ ಮೇಲೆ ಹಾಯುವುದಾದರೆ ಅಂದು ಬೆಂಕಿಯನ್ನೇ ಹಚ್ಚುವುದಿಲ್ಲ. ಹಗ್ಗ ಬಂದಾಗ ಮನೆಯವರು ಅದನ್ನು ದಾಟದೆ ಎರಡು ಕಡೆ ನಿಂತಿರುತ್ತಾರೆ. ಗಂಡ ಈಚೆ, ಹೆಂಡತಿ ಆಚೆ, ನಡುವೆ ಹಗ್ಗ. ಆಗ ಆಡುವ ಚೇಷ್ಟೆಯ ಮಾತುಗಳೇ ಬೇರೆ. ಹಗ್ಗ ಹಾಯ್ದ ಜಾಗ ಉಳಿಯುತ್ತದೆ ಎಂದು ನಮ್ಮಲ್ಲಿ ನಂಬಿಕೆ. ನಂಬಿಕೆಯೇನು ಬಂತು, ಜ್ಯಾ ಎಂದಾದರೂ ವೃತ್ತದ ಹೊರಗೆ ಹೋದೀತೇ?

ನೀಲಗಂಗವ್ವನ ಸುದ್ದಿ ಹೇಳಬೇಕು. ಅವಳೂ ನಾನೂ ಚನ್ನಮಲ್ಲಯ್ಯ ಮಾಸ್ತರರ ಬಳಿ ಒಂದೇ ಚಾಪೆಯ ಮೇಲೆ ಕೂತು ಕಲಿತವರು. ಅವಳು ನೇಕಾರರ ಮಗಳು. ನಾನು ಪಾಠ ಬಾಯಿಪಾಠ ಮಾಡುತ್ತಿದ್ದೆ, ಅವಳು ನೋಡುತ್ತಿದ್ದಳು, ಅಷ್ಟೇ ವ್ಯತ್ಯಾಸ. ಮಾಸ್ತರರಿಗೆ ಕಣ್ಣು ಮಂಜಾದಾಗ ಗೂಟದ ಚೀಲ, ಅಂದರೆ ಮಾಸ್ತರಿಕೆ, ಯಾರಿಗೆ ಕೊಡುವುದು ಎಂಬ ಪ್ರಶ್ನೆ ಬಂತು. ಹಿರಿಯರ ಎದುರಿಗೆ ನಮ್ಮಿಬ್ಬರಿಗೂ ಒಂದೇ ಸಮಸ್ಯೆ ಕೊಟ್ಟರು: ಹೊರಗಿನ ಒಂದು ಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳು ಸಮ ಎಂದು ಸಾಧಿಸಿ. ಯಾರು ಮೊದಲು ಮುಗಿಸುತ್ತಾರೋ ಚೀಲ ಅವರದು. ನಾನು ವೃತ್ತ ಬರೆದೆ, ಸ್ಪರ್ಶಕ ಎಳೆದೆ, ತ್ರಿಜ್ಯಗಳನ್ನು ಎಳೆದೆ, ಮುಂದೆ ಕೈ ಓಡಲಿಲ್ಲ. ಓರೆಗಣ್ಣಿನಲ್ಲಿ ಅವಳ ಪಾಟಿ ನೋಡಿದೆ. ಅವಳು ಹೊರಗಿನ ಬಿಂದುವಿನಿಂದ ಕೇಂದ್ರಕ್ಕೆ ಒಂದು ಗೆರೆ ಎಳೆದಿದ್ದಳು. ಅದೊಂದೇ ಗೆರೆ ಬೇಕಾಗಿದ್ದದ್ದು. ಅದು ಬಿದ್ದ ಕೂಡಲೇ ಎರಡು ಲಂಬಕೋನ ತ್ರಿಭುಜಗಳಾಗುತ್ತವೆ, ಎರಡೂ ಸರ್ವಸಮ, ಉಳಿದದ್ದು ಬರವಣಿಗೆ. ಬರವಣಿಗೆಯಲ್ಲಿ ನನ್ನ ಕೈ ಚುರುಕು. ಅವಳಿಗಿಂತ ಮೊದಲು ಎದ್ದು ನಿಂತೆ.

ನೀಲವ್ವ ನೋಡಿದ್ದಳು. ಪಾಟಿ ಒರೆಸಿಕೊಂಡು ಮನೆಗೆ ಹೋಗಿ ಮಗ್ಗಕ್ಕೆ ಕೂತಳು. ಅವ್ವನಿಂದ ಬಂದ ಮಗ್ಗ ಅದು, ಬಿಚ್ಚಿ ಜೋಡಿಸಬಹುದಾದ ಚೌಕಟ್ಟಿನ ಮಗ್ಗ. ಮದುವೆಯಾಗಲಿಲ್ಲ, ಅಂಚಿನ ಕೇರಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದು ನೇಯ್ದುಕೊಂಡು ಬದುಕಿದಳು. ಹಗ್ಗ ಅವಳ ಮನೆಯ ಮೇಲೆ ಹಾಯ್ದಾಗಲೆಲ್ಲ ನನಗೆ ಮೈ ಮುಳ್ಳೇಳುತ್ತಿತ್ತು. ಅವಳು ಹಗ್ಗದ ಮೇಲೆ ಒಂದು ಬೆರಳಿಟ್ಟು, ಬಿಗಿ ನೋಡಿ, ತಲೆಯಾಡಿಸುತ್ತಿದ್ದಳು. ಆಚೆ ವರ್ಷ ಮಾತ್ರ ಹತ್ತು ಜನರ ಎದುರಿಗೆ, ಮೆತ್ತಗೆ, ಹಗ್ಗ ಇನ್ನೊಂದೀಟು ಬಿಗೀರಿ ಮಾಸ್ತರ ಎಂದಳು. ಬಿಗಿದೆವು. ಅವಳು ಹೇಳಿದ್ದು ಸರಿಯಿತ್ತು. ಯಾರೋ ಹಿಂದೆ ನಕ್ಕರು. ಅವರು ನಕ್ಕದ್ದು ನನಗೋ ಇನ್ಯಾವುದಕ್ಕೋ ತಿಳಿಯದು, ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ನಾನು ವರ್ಷವಿಡೀ ಆ ನಗುವನ್ನೇ ಮೆಲುಕು ಹಾಕಿದೆ.

ಹೋದ ವರ್ಷ ಗುರುತು ಮೂಡಿದಾಗ ನೋಡುತ್ತೇನೆ, ಮೂರನೆಯ ಹಗ್ಗ ನೀಲವ್ವನ ಮನೆಯ ಮುಂದಿನ ಕೋಣೆಯಲ್ಲಿ ಅಡ್ಡಡ್ಡ ಹಾಯುತ್ತದೆ. ಹಾದಿಯ ಮೇಲಿನ ಮನೆಯವರಿಗೆಲ್ಲ ಹಿಂದಿನ ದಿನವೇ ಹೇಳಿ ಕಳಿಸುವುದು ಪದ್ಧತಿ. ಅವಳಿಗೂ ಹೇಳಿ ಕಳಿಸಿದೆ.

ಹಗ್ಗದ ಇನ್ನೊಂದು ತುದಿ ಹಿಡಿಯುತ್ತಿದ್ದವರು ಮೌಲಾ ಕಾಕಾ. ಚನ್ನಮಲ್ಲಯ್ಯ ಮಾಸ್ತರರ ಕಾಲದಿಂದಲೂ ಅವರೇ. ತುದಿ ಹಿಡಿದು ಕೂತರೆಂದರೆ ಗೂಟಕ್ಕಾದರೂ ಅಲುಗಾಟ ಇದ್ದೀತು, ಅವರ ಕೈಗೆ ಇಲ್ಲ. ಅಂದು ಮೊದಲನೆಯ ಹಗ್ಗ ಗಾಣದ ಮನೆಯ ಮೇಲೆ ಹಾಯುತ್ತಿತ್ತು. ಎಳೆದು ಬಿಗಿಯುವಾಗ ಕಾಕಾ ಆ ತುದಿಯಿಂದ ಹೇಳಿ ಕಳಿಸಿದರು, ಹಗ್ಗ ಎಲ್ಲೋ ತಡೆಯುತ್ತಿದೆ, ಕೈಗೆ ಗೊತ್ತಾಗುತ್ತಿದೆ, ಒಮ್ಮೆ ಹಾದಿಯುದ್ದಕ್ಕೂ ನೋಡಿ ಬನ್ನಿ ಎಂದು. ಬಿಸಿಲೇರಿತ್ತು. ತಡೆಯೋದೇನು ಬಂತು, ಎಳೀಲಿಕ್ಕೆ ಹೇಳು ಎಂದು ನಾನು ಬೈದು ಕಳಿಸಿದೆ. ಹಗ್ಗ ಗಾಣದ ಕಲ್ಲಿನ ಹಿಂದೆ ಸಿಕ್ಕಿಕೊಂಡಿತ್ತು. ನೆಟ್ಟಗಿರಬೇಕಾದ ಜ್ಯಾ ಅಲ್ಲಿ ಬಾಗಿತ್ತು. ಬಾಗಿದ ಹಗ್ಗದ ನಡು ನಡುವಲ್ಲ, ಅದರ ಲಂಬ ಲಂಬವಲ್ಲ. ನಾನು ಅದರ ಮೇಲೆಯೇ ಮೂಲೆಮಟ್ಟ ಇಟ್ಟೆ.

ಎರಡನೆಯದು ಸರಿಯಾಗಿಯೇ ಆಯಿತು. ಕೇಂದ್ರ ಸಿಕ್ಕಿತು, ಗೂಟ ಹೊಡೆದೆ. ಇನ್ನು ಸಾಕ್ಷಿ ಹಗ್ಗ. ಕಾಕಾ ಹಗ್ಗ ಸುತ್ತಿಕೊಂಡು ಅಂಚಿನ ಕೇರಿಯ ಕಡೆ ಹೊರಟೇಬಿಟ್ಟಿದ್ದರು. ನಾನು ಕರೆದೆ. ಮೂವತ್ತು ವರ್ಷದಲ್ಲಿ ಒಮ್ಮೆಯಾದರೂ ಸಾಕ್ಷಿ ನಮ್ಮ ಕೇಂದ್ರವನ್ನು ಸುಳ್ಳು ಮಾಡಿದ್ದುಂಟೇ, ಈ ಬಿಸಿಲಿನಲ್ಲಿ ಯಾರಿಗಾಗಿ ಎಳೆಯುವುದು ಎಂದೆ. ಕಾಕಾ ನನ್ನ ಮುಖ ನೋಡಿದರು. ನೀಲವ್ವನ ಬೆರಳು ನನ್ನ ಕಣ್ಣ ಮುಂದೆ ಇದ್ದದ್ದು ಅವರಿಗೆ ಕಂಡಿತೋ ಏನೋ. ನೀವು ಮಾಸ್ತರ, ನೀವು ಅಂದಂಗ ಎಂದು ಹಗ್ಗ ಕೆಳಗಿಟ್ಟರು. ಸುಣ್ಣದ ಗೆರೆ ಹಾಕಿ ಮುಗಿಸಿದೆವು. ಗೆರೆಯ ಪ್ರಕಾರ ನೀಲವ್ವನ ಹಿಂದಿನ ಕೋಣೆ ಅಂಚಿನಿಂದ ಒಂಬತ್ತು ಮಾರು ಒಳಗಿತ್ತು.

ಮೂರನೆಯ ದಿನ ಊರು ಉಂಡು ಮಲಗಿತು, ಎದ್ದಿತು. ನಾನು ಕಣ್ಣುಜ್ಜಿಕೊಂಡು ಹೊರಗೆ ಬರುವಷ್ಟರಲ್ಲಿ ಅಂಚಿನ ಕೇರಿಯ ಕಡೆ ಜನ ಓಡುತ್ತಿದ್ದರು. ಬಿಳುಪು ನನ್ನ ಗೆರೆ ದಾಟಿ ಒಳಗೆ ಬಂದಿತ್ತು. ನೀಲವ್ವನ ಹಿಂದಿನ ಕೋಣೆಯನ್ನು ಕತ್ತರಿಸಿಕೊಂಡು ಹೋಗಿತ್ತು. ಗೋಡೆಗಳ ಎರಡು ಮೊಂಡು ತುದಿಗಳು ಉಳಿದಿದ್ದವು, ಅವುಗಳ ಆಚೆಗೆ ಹಾಲಿನಂಥ ಬಿಳಿ. ಮಗ್ಗ ಹೋಗಿತ್ತು. ಅದರ ಮೇಲಿನ ಅರ್ಧ ನೇಯ್ದ ಸೀರೆಯೂ ಹೋಗಿತ್ತು. ನೀಲವ್ವ ಮುಂದಿನ ಕೋಣೆಯಲ್ಲಿ ಮಲಗಿದ್ದಳು, ಅದಕ್ಕೇ ಉಳಿದಳು. ಅವಳು ಹೊಸ್ತಿಲ ಮೇಲೆ ಕೂತಿದ್ದಳು, ಕೈಯಲ್ಲಿ ಒಂದು ಲಾಳಿ ಇತ್ತು, ಅದೊಂದು ಮುಂದಿನ ಕೋಣೆಯಲ್ಲಿ ಉಳಿದಿತ್ತಂತೆ.

ಇದು ಹೇಗಾಯಿತು ಎಂದು ಹಿರಿಯರು ಕೇಳಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ನನ್ನ ಬಾಯಿಂದ ಬಂದ ಮಾತನ್ನು ನಾನು ಯೋಚಿಸಿ ಆಡಲಿಲ್ಲ ಎಂದರೆ ನಂಬುತ್ತೀರೋ ಇಲ್ಲವೋ. ಯೋಚಿಸದೆ ಬಂದದ್ದೇ ಮನುಷ್ಯನ ನಿಜವಾದ ಮಾತು, ಅದಕ್ಕೇ ನನಗೆ ಹೆಚ್ಚು ನಾಚಿಕೆ.

"ಕಾಕಾಗ ವಯಸ್ಸಾತು. ಹಗ್ಗ ಹಿಡಿಯೂವಾಗ ಕೈ ನಡುಗಿರಬೇಕು," ಎಂದೆ.

ಮೌಲಾ ಕಾಕಾ ಗುಂಪಿನಲ್ಲೇ ಇದ್ದರು. ಗಾಣದ ಮನೆಯ ಮಾತು ಎತ್ತಬಹುದಾಗಿತ್ತು. ಸಾಕ್ಷಿ ಹಗ್ಗ ಎಳೆಯಲೇ ಇಲ್ಲ ಎನ್ನಬಹುದಾಗಿತ್ತು. ಅವರು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು, ಆಮೇಲೆ ಇರಬಹುದ್ರಿ ಎಂದರು. ಅಷ್ಟೇ. ಯಾಕೆ ಹಾಗೆಂದರೋ. ಒಂದು ಊರಿಗೆ ಒಬ್ಬನೇ ಮಾಸ್ತರ, ಅವನ ಮೇಲಿನ ನಂಬಿಕೆ ಹೋದರೆ ಜನ ಮಧ್ಯಾಹ್ನ ಹೇಗೆ ಮಲಗಬೇಕು ಎಂದು ಯೋಚಿಸಿದರೋ, ಅಥವಾ ನಾನು ನಾಳೆಯಾದರೂ ನಿಜ ಹೇಳುತ್ತೇನೆ ಎಂದು ಕಾದರೋ. ನಾನು ನಾಳೆ ಹೇಳಲಿಲ್ಲ, ನಾಡಿದ್ದೂ ಹೇಳಲಿಲ್ಲ. ಹಗ್ಗದ ತುದಿಯನ್ನು ಗಾಣದ ಮನೆಯ ಅಳಿಯನಿಗೆ ಕೊಟ್ಟರು.

ಆ ವರ್ಷ ಹೇಗೆ ಕಳೆಯಿತೋ ಹೇಳಲಾರೆ. ಅಗಸೆ ಬಾಗಿಲ ಕಟ್ಟೆಯ ಮೇಲೆ ಕಾಕಾ ಕೂತಿರುತ್ತಿದ್ದರು, ನಾನು ಬೇರೆ ಓಣಿ ಹಿಡಿದು ಸುತ್ತಿ ಹೋಗುತ್ತಿದ್ದೆ. ಚಹಾ ಕೊಡುವವನು ಅವರ ಕಪ್ಪನ್ನು ಮುಕ್ಕಾಲು ಮಾತ್ರ ತುಂಬುತ್ತಿದ್ದನಂತೆ, ಚೆಲ್ಲೀತು ಎಂದು. ಚೇಷ್ಟೆಗಲ್ಲ, ಮರುಕದಿಂದ. ಅದು ಕೇಳಿ ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಒಂದು ದಿನ ಪಾಠದಲ್ಲಿ ಮೂರು ಬಿಂದುಗಳ ವೃತ್ತ ಬರೆಸುತ್ತಿದ್ದೆ. ಕಂಬಾರರ ಹುಡುಗಿ ಎದ್ದು ನಿಂತಳು. ಎರಡು ಲಂಬಕ್ಕೇ ಕೇಂದ್ರ ಸಿಕ್ಕಿತಲ್ಲ, ಮೂರನೆಯದು ಯಾಕೆ ಎಳೆಯಬೇಕು ಎಂದು ಕೇಳಿದಳು. ತಲೆನೋವು ಎಂದು ಮಕ್ಕಳನ್ನು ಮನೆಗೆ ಬಿಟ್ಟೆ.

ಈ ವರ್ಷ ಗುರುತುಗಳು ಮೂಡಿದವು. ಕೈಯಂದಾಜಿನಲ್ಲಿ ನೋಡಿದರೆ ಸಾಕ್ಷಿ ಹಗ್ಗ ಮತ್ತೆ ನೀಲವ್ವನ ಉಳಿದ ಕೋಣೆಯ ಮೇಲೆಯೇ ಹಾಯುತ್ತದೆ. ಈ ಸಲ ಹೇಳಿ ಕಳಿಸಲಿಲ್ಲ, ನಾನೇ ಹೋದೆ. ಹೋಗುವಾಗ ಹತ್ತು ಮಾತು ಹೊಂದಿಸಿಕೊಂಡಿದ್ದೆ. ಅವಳು ಬಾಗಿಲಲ್ಲಿ ಸರಿದು ದಾರಿ ಬಿಟ್ಟಳು, ಒಳಗೆ ಹೋದೆ.

ಕೋಣೆಯಲ್ಲಿ ಮಗ್ಗವಿಲ್ಲ. ಅವಳು ಈಗ ಬೇರೆಯವರಿಗೆ ನೂಲು ಸುತ್ತಿಕೊಡುತ್ತಾಳೆ. ನೆಲದ ಮೇಲೆ ಇದ್ದಿಲಿನಿಂದ ಬರೆದ ಒಂದು ದೊಡ್ಡ ಚಿತ್ರವಿತ್ತು, ಸಾರಿಸುವಾಗಲೂ ಅದನ್ನು ಉಳಿಸಿಕೊಂಡು ಬಂದಿದ್ದಳು. ಅವಳ ಗೋಡೆಯ ಎರಡು ಮೊಂಡು ತುದಿಗಳನ್ನು ಕೂಡಿಸುವ ಒಂದು ಜ್ಯಾ. ಹೋದ ವರ್ಷದ ಗುರುತುಗಳಿಂದ ಇನ್ನೆರಡು. ಮೂರರ ಲಂಬಗಳು ಒಂದೇ ಬಿಂದುವಿನಲ್ಲಿ ಕೂಡಿದ್ದವು. ಅದರ ಪಕ್ಕದಲ್ಲಿ, ನಾಲ್ಕು ಬೆರಳು ಆಚೆ, ನನ್ನ ಕೇಂದ್ರ. ನನ್ನ ಮೊದಲನೆಯ ಹಗ್ಗವನ್ನೂ ಅದರ ಲಂಬವನ್ನೂ ಅವಳು ಎಳೆದಿದ್ದಳು. ಹಗ್ಗ ಎಲ್ಲಿ ಬಾಗಿತೋ ಅಲ್ಲಿ ಗಾಣದ ಮನೆ ಎಂದು ಒಂದು ಸಣ್ಣ ಚೌಕ. ನಾನು ಆ ಚಿತ್ರದ ಅಂಚಿಗೆ ಕೂತುಬಿಟ್ಟೆ. ನಿನಗೆ ಎಲ್ಲ ಗೊತ್ತಿತ್ತಲ್ಲ ನೀಲವ್ವ, ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. ಮಾಸ್ತರ ಹೇಳತಾರೇನಂತ ನೋಡ್ತಿದ್ದೆ ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ನಾನು ಏನೋ ಒಂದು ಆಡಬೇಕಲ್ಲ ಎಂದು, ಮಗ್ಗ ಮುಂದಿನ ಕೋಣೆಯಲ್ಲೇ ಇರುತ್ತಿತ್ತಲ್ಲ, ಅಂದು ಹಿಂದೆ ಯಾಕೆ ಹೋಯಿತು ಎಂದೆ. ಅದನ್ನು ಕೇಳದಿದ್ದರೆ ಚೆನ್ನಾಗಿತ್ತು.

"ಹಗ್ಗ ಬರತೈತಿ ಅಂತ ಹೇಳಿ ಕಳಿಸಿದ್ರಲ್ಲ," ಎಂದಳು ನೀಲವ್ವ. "ಅದಕ್ಕ ಮಗ್ಗ ಬಿಚ್ಚಿ ಹಿಂದ ಒಯ್ದು ಜೋಡಿಸಿದೆ, ಸೀರಿ ಮುಗಿಯೂತನಕ ಅಲ್ಲೇ ಇರಲಿ ಅಂತ. ಸೀಳಿನ ಹಲಗಿ ತಗದು ಸಂಜಿತನಕ ಕುಂತಿದ್ದೆ. ನೀವು ಬರಲಿಲ್ಲ."

ಹಗ್ಗದ ಹಾದಿ ತೆರವು ಮಾಡಲು ಅವಳು ಮಗ್ಗ ಸರಿಸಿದ್ದಳು. ಎಳೆಯದ ಹಗ್ಗಕ್ಕೆ. ಅದು ತನ್ನ ಜಾಗದಲ್ಲೇ ಇದ್ದಿದ್ದರೆ, ಜ್ಯಾ ಹಾಯುವ ಜಾಗದಲ್ಲಿ, ಇಂದಿಗೂ ಇರುತ್ತಿತ್ತು. ಹಗ್ಗ ಎಳೆದಿದ್ದರೂ ಉಳಿಯುತ್ತಿತ್ತು. ತಪ್ಪು ಅಂದೇ ಸಿಗುತ್ತಿತ್ತು. ಮಾಸ್ತರನ ಮಾತನ್ನು ನಂಬಿದ್ದಕ್ಕೇ ಅವಳ ಮಗ್ಗ ಹೋಯಿತು. ನನಗೆ ಅಳು ಬಂತು. ಅರವತ್ತರ ಹತ್ತಿರದ ಗಂಡಸು, ಹೆಗಲ ಮೇಲಿನ ವಸ್ತ್ರ ಬಾಯಿಗೆ ಒತ್ತಿಕೊಂಡು ಅತ್ತೆ. ಪಾಟಿಯ ಮೇಲಿನ ಆ ಒಂದು ಗೆರೆಯ ಮಾತನ್ನೂ ಆಗಲೇ ಹೇಳಿದೆ. ಅದು ಹಳೇ ಮಾತು, ಮೊದಲು ಮೌಲಾ ಕಾಕಾನದು ಮುಗಿಸಿ ಬರ್ರಿ ಎಂದಳು.

ಮರುದಿನ ಹಗ್ಗದ ಕೆಲಸಕ್ಕೆ ಜನ ಸೇರಿದಾಗ, ಶುರುವಾಗುವ ಮೊದಲು, ಗೂಟದ ಚೀಲವನ್ನು ಹಿರಿಯರ ಮುಂದೆ ಇಟ್ಟು ಎಲ್ಲ ಹೇಳಿದೆ. ಗಾಣದ ಕಲ್ಲು, ಕಾಕಾ ಹೇಳಿ ಕಳಿಸಿದ್ದು, ನಾನು ಬೈದದ್ದು, ಸಾಕ್ಷಿ ಹಗ್ಗ ಬಿಟ್ಟದ್ದು, ಯಾಕೆ ಬಿಟ್ಟದ್ದು, ಆಮೇಲೆ ಮೂವತ್ತೊಂದು ವರ್ಷದ ಹಿಂದಿನ ಪಾಟಿ. ಬೈಯುತ್ತಾರೆ ಎಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಮುಂದೆ ನಿಂತಿದ್ದವರು ಬೇರೆ ಕಡೆ ನೋಡತೊಡಗಿದರು. ನನ್ನ ಕೈಯಲ್ಲಿ ಕಲಿತ ಮಕ್ಕಳ ತಂದೆತಾಯಿ ಅವರು, ನಾನು ಗೆರೆ ಹಾಕಿದ್ದೇನೆ ಎಂದು ವರ್ಷವರ್ಷ ನೆಮ್ಮದಿಯಾಗಿ ಮಲಗಿದವರು. ನೀಲವ್ವ ಮುಂದೆ ಬಂದು, ಇನ್ನು ಎರಡೇ ದಿನ ಉಳಿದಾವ, ಇಲ್ಲಿ ಕೊಡ್ರಿ ಎಂದು ಚೀಲ ಎತ್ತಿಕೊಂಡಳು. ಅದರೊಳಗಿನ ಮೂಲೆಮಟ್ಟ ತೆಗೆದು ಒರೆಸಿ ನೋಡಿದಳು. ಹಿರಿಯರು ಬೇಡವೆನ್ನಲಿಲ್ಲ.

ತುದಿಗೆ ಯಾರು ಎಂದು ಕೇಳಿದಾಗ ಒಂದು ತುದಿ ನನಗೆ ಕೊಟ್ಟಳು. ಇನ್ನೊಂದು ಮೌಲಾ ಕಾಕಾನದು ಎಂದಳು. ಕಾಕಾ ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ನಾನು ಹತ್ತಿರ ಹೋಗಿ ಬಗ್ಗಿ ಅವರ ಕಾಲು ಮುಟ್ಟಿದೆ. ನನ್ನನ್ನು ಎಬ್ಬಿಸಲು ಅವರು ಭುಜ ಹಿಡಿದರು. ಆ ಹಿಡಿತದಲ್ಲಿ ಏನೋ ಬೇರೆ ಇತ್ತು, ಮುಖ ಎತ್ತಿ ನೋಡಿದೆ.

"ಅವತ್ತು ನಡುಗಿರಲಿಲ್ರಿ ಮಾಸ್ತರ," ಎಂದರು ಕಾಕಾ, ನನಗಷ್ಟೇ ಕೇಳುವಂತೆ. "ನೀವು ಅಂದ ಮ್ಯಾಲೆ ನಡುಗಾಕ ಹತ್ಯಾವ."

ಮೊದಲ ಎರಡು ಹಗ್ಗಗಳನ್ನು ಹೇಗೋ ಮುಗಿಸಿದೆವು. ಪ್ರತಿ ಮನೆಯ ಸೀಳಿನಲ್ಲೂ ಬಗ್ಗಿ ನೋಡುತ್ತ ನೀಲವ್ವ ಹಾದಿಯುದ್ದಕ್ಕೂ ನಡೆದಳು. ಆಮೇಲೆ ಸಾಕ್ಷಿ ಹಗ್ಗ. ಒಂದು ಗುರುತಿನ ಮೇಲೆ ನಾನು ಕೂತೆ. ಹಗ್ಗ ಕುಂಬಾರರ ಅಂಗಳ ದಾಟಿ, ಹನ್ನೊಂದು ಮನೆಗಳ ಸೀಳು ಹೊಕ್ಕು, ನೀಲವ್ವನ ಬರಿದಾದ ಕೋಣೆಯ ನಡುವೆ ಹಾಯ್ದು, ಆ ತುದಿಯಲ್ಲಿ ಕಾಕಾನ ಕೈ ಸೇರಿತು. ನೀಲವ್ವ ನಡುವಿನಲ್ಲಿ ಮೂಲೆಮಟ್ಟ ಹಿಡಿದು ಕೂತಳು, ಆದರೆ ಇಡಲಿಲ್ಲ. ಹಗ್ಗ ನಿಲ್ಲಲಿ ಎಂಬ ಅವಳ ಮಾತು ಮನೆಯಿಂದ ಮನೆಗೆ ದಾಟಿ ಬಂತು. ನಾನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದೆ. ಆ ತುದಿಯ ನಡುಕ ಅಷ್ಟೂ ಮನೆ ದಾಟಿ ಬಂದು ನನ್ನ ಅಂಗೈಗೆ ತಾಗುತ್ತಿತ್ತು. ಹನ್ನೊಂದು ಮನೆಯವರು ಹಗ್ಗದ ಆಚೆ ಈಚೆ ಸುಮ್ಮನೆ ನಿಂತು ಅದು ನಿಲ್ಲುವುದನ್ನೇ ಕಾಯುತ್ತಿದ್ದರು.